ಹವಳದ ಟ್ಯಾಂಕಿನ ಕ್ಯಾನಪಿ: ಬೆಳಕು, ಗಾಳಿ, ಬಿಸಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಲೆಕ್ಕಗಳೆಲ್ಲ ಒಂದೇ ಟ್ಯಾಂಕನ್ನು ಮುಂದಿಟ್ಟುಕೊಂಡು ಹಾಕಿದವು: 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಸುಮಾರು 380 ಲೀಟರ್ ಉಪ್ಪುನೀರು. ಅದರ ಮೇಲೆ 1 ಅಡಿ ಎತ್ತರದ ಮರದ ಕ್ಯಾನಪಿ, ಎಂದರೆ ಲೈಟು ಕೂರಿಸುವ ಮುಚ್ಚಳದ ಪೆಟ್ಟಿಗೆ. ನಿಮ್ಮ ಟ್ಯಾಂಕಿನ ಅಳತೆ ಬೇರೆಯಾಗಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಕ್ಯಾನಪಿ ಬೇಕೇ ಬೇಕಾ?

ಹವಳಕ್ಕೆ ಬೇಡ, ಮನೆಯವರಿಗೆ ಬೇಕು. ತೆರೆದಿಟ್ಟ ಟ್ಯಾಂಕೇ ಎಲ್ಲಕ್ಕಿಂತ ತಣ್ಣಗಿರುತ್ತದೆ. ಆದರೆ ನೀಲಿ ಎಲ್‌ಇಡಿ ಬೆಳಕು ಹಾಲಿನಲ್ಲಿ ಕೂತವರ ಕಣ್ಣಿಗೆ ರಾಚುತ್ತದೆ, ಮೀನು ಹಾರಿ ನೆಲಕ್ಕೆ ಬೀಳುತ್ತದೆ, ಪುಟ್ಟ ಮಕ್ಕಳು ಕೈ ಹಾಕುತ್ತಾರೆ. ಈ ಕಾರಣಗಳಿಗೆ ಕ್ಯಾನಪಿ ಮಾಡಿಸಿ. ಆದರೆ ಅದು ಅಲ್ಮೇರಾ ಅಲ್ಲ ಎಂಬುದು ಬಡಗಿಗೆ ಮೊದಲೇ ಗೊತ್ತಿರಲಿ. ಹಿಂಬದಿ ಮತ್ತು ಚಾವಣಿ ಎಷ್ಟು ತೆರೆದಿದೆ ಎಂಬುದರ ಮೇಲೆಯೇ ಈ ಪೆಟ್ಟಿಗೆಯ ಒಳಿತು ಕೆಡುಕು ನಿಂತಿದೆ. ಫ್ಯಾನಿನ ಮಾತು ಅದಾದ ಮೇಲೆ.

ಎಲ್‌ಇಡಿ ಬಿಸಿಯಾಗುವುದಿಲ್ಲ ಅಂತಾರೆ. ಮತ್ತೆ ಗಾಳಿಯ ಚಿಂತೆ ಯಾಕೆ?

200 ವ್ಯಾಟ್ ಎಂದರೆ 200 ವ್ಯಾಟೇ. ಎಲ್‌ಇಡಿಯಲ್ಲಿ ಅದರ ಒಂದು ಭಾಗ ಬೆಳಕಾಗಿ ಕೆಳಕ್ಕೆ ಹೋಗುತ್ತದೆ. ಆ ಬೆಳಕನ್ನು ನೀರು, ಕಲ್ಲು, ಹವಳ ಹೀರಿಕೊಂಡಾಗ ಅದೂ ಕೊನೆಗೆ ಶಾಖವೇ. ಉಳಿದದ್ದು ಹೀಟ್ ಸಿಂಕ್ (ಲೈಟಿನ ಬೆನ್ನಿನಲ್ಲಿ ಶಾಖ ಹೀರುವ ಲೋಹದ ಭಾಗ) ಮೂಲಕ ಮೇಲಕ್ಕೆ ಬರುತ್ತದೆ. ತಂತಿಯಲ್ಲಿ ತೂಗುಬಿಟ್ಟ ಲೈಟಾದರೆ ಈ ಮೇಲಿನ ಶಾಖ ಕೋಣೆಗೆ ಹೋಗಿ ಮಾಯವಾಗುತ್ತದೆ. ಅದೇ ಲೈಟನ್ನು ಮುಚ್ಚಿದ ಕ್ಯಾನಪಿಯೊಳಗೆ ಕೂರಿಸಿದರೆ ಶಾಖ ಹೊರಹೋಗಲು ದಾರಿಯಿಲ್ಲದೆ ನೀರಿನ ಮೇಲೆಯೇ ಕುಳಿತುಕೊಳ್ಳುತ್ತದೆ. ‘ತೆರೆದಿದ್ದಾಗ 26 ಡಿಗ್ರಿ ಇತ್ತು, ಕ್ಯಾನಪಿ ಇಟ್ಟ ಮೇಲೆ 29 ಆಯಿತು’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇಷ್ಟೇ.

ಇನ್ನೊಂದು ತೊಂದರೆಯೂ ಉಂಟು. ಹೆಚ್ಚಿನ ಎಲ್‌ಇಡಿ ಫಿಕ್ಸ್ಚರ್‌ಗಳ ಬೆನ್ನಿನಲ್ಲಿ ಪುಟ್ಟ ಫ್ಯಾನ್ ಇರುತ್ತದೆ. ಅದು ಬಿಸಿ ಗಾಳಿಯನ್ನೇ ಸುತ್ತಿಸುತ್ತಿದ್ದರೆ ಹೀಟ್ ಸಿಂಕ್ ತಣಿಯುವುದಿಲ್ಲ. ಒಳ್ಳೆಯ ಲೈಟು ತಾನಾಗಿ ಬೆಳಕು ತಗ್ಗಿಸಿಕೊಳ್ಳುತ್ತದೆ, ಅಗ್ಗದ ಲೈಟಿನ ಡಯೋಡ್‌ಗಳು ಒಂದೊಂದಾಗಿ ಆರುತ್ತವೆ. ಆದ್ದರಿಂದ ಲೈಟಿನ ಬೆನ್ನಿಗೂ ಚಾವಣಿಗೂ ನಡುವೆ 3 ಇಂಚು ಬಿಡಿ. ಅದಕ್ಕಿಂತ ಒಳ್ಳೆಯದು, ಲೈಟಿನ ನೆತ್ತಿಯ ಮೇಲೆ ಚಾವಣಿಯಲ್ಲಿ ಅದೇ ಅಳತೆಯ ಕಿಂಡಿ ಕೊರೆಸುವುದು.

ನೀರಿನ ಉಷ್ಣಾಂಶ ಎಷ್ಟಿರಬೇಕು?

25ರಿಂದ 26 ಡಿಗ್ರಿ. 27ಕ್ಕೆ ಹೋದರೆ ಗಾಬರಿ ಬೇಡ. 29 ದಾಟಿದರೆ ಅದೇ ದಿನ ಏನಾದರೂ ಮಾಡಲೇಬೇಕು.

ಕಾರಣ ಹೀಗಿದೆ. ಹವಳದ ಮೈಯೊಳಗೆ ಜೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಬೆಳಕಿನಿಂದ ಅದು ಮಾಡುವ ಸಕ್ಕರೆಯೇ ಹವಳದ ಮುಖ್ಯ ಊಟ. ನೀರು ಬಿಸಿಯಾಗಿ ಬೆಳಕೂ ತೀಕ್ಷ್ಣವಾಗಿದ್ದರೆ ಈ ಪಾಚಿಯ ದ್ಯುತಿಸಂಶ್ಲೇಷಣೆ ಹಳಿ ತಪ್ಪಿ, ಜೀವಕೋಶಕ್ಕೆ ವಿಷವಾಗುವ ಆಕ್ಸಿಜನ್ ಸಂಯುಕ್ತಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರದಬ್ಬುತ್ತದೆ, ಮೈ ಬೆಳ್ಳಗಾಗುತ್ತದೆ. ಬ್ಲೀಚಿಂಗ್ ಎನ್ನುವುದು ಇದನ್ನೇ. ಬಿಸಿ ಮತ್ತು ಬೆಳಕು ಜೊತೆಯಾಗಿಯೇ ಏಟು ಹಾಕುವುದರಿಂದ, ಸೆಕೆ ವಿಪರೀತವಾದ ದಿನ ಲೈಟನ್ನು ಅರ್ಧಕ್ಕೆ ಇಳಿಸುವುದು ಅತ್ಯಂತ ಸುಲಭದ ಪ್ರಥಮ ಚಿಕಿತ್ಸೆ.

ಉಸಿರಿನ ಲೆಕ್ಕವೂ ಇದೆ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಡುತ್ತದೆ, 30 ಡಿಗ್ರಿಯಲ್ಲಿ ಸುಮಾರು 6.2. ಬಿಸಿ ನೀರಿನಲ್ಲಿ ಮೀನಿಗೆ ಬೇಕಾಗುವುದು ಹೆಚ್ಚು, ಸಿಗುವುದು ಕಡಿಮೆ.

ಫ್ಯಾನ್ ಹಾಕಿದರೆ ನಿಜಕ್ಕೂ ಎಷ್ಟು ತಣಿಯುತ್ತದೆ?

ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಹೇಗೋ ಇದೂ ಹಾಗೆಯೇ. ಆವಿಯಾಗುವ ಪ್ರತಿ ಲೀಟರ್ ನೀರು ತನ್ನೊಂದಿಗೆ ಸುಮಾರು 0.67 ಯೂನಿಟ್ ಶಾಖ ಒಯ್ಯುತ್ತದೆ. ಇಲ್ಲಿ ಯೂನಿಟ್ ಎಂದರೆ ಕರೆಂಟ್ ಬಿಲ್ಲಿನ ಯೂನಿಟ್ಟೇ, ಕಿಲೋವ್ಯಾಟ್-ಗಂಟೆ. ನಮ್ಮ ಟ್ಯಾಂಕಿನ ಜಮಾ ಖರ್ಚು ನೋಡಿ. 200 ವ್ಯಾಟಿನ ಲೈಟು 10 ಗಂಟೆ ಉರಿದರೆ 2 ಯೂನಿಟ್. ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಿಂದ (ಸಂಪ್) ನೀರು ಮೇಲೆತ್ತುವ ರಿಟರ್ನ್ ಪಂಪ್ ಮತ್ತು ನೀರನ್ನು ಅಲೆಯಾಡಿಸುವ ವೇವ್‌ಮೇಕರ್ ಸೇರಿ 60 ವ್ಯಾಟ್, ದಿನವಿಡೀ ಓಡಿದರೆ 1.44 ಯೂನಿಟ್. ಒಟ್ಟು 3.44. ಇದೆಲ್ಲವೂ ನೀರಿಗೇ ಇಳಿಯಿತು ಎಂದುಕೊಂಡರೂ ದಿನಕ್ಕೆ 5 ಲೀಟರ್ ಚಿಲ್ಲರೆ ಆವಿಯಾದರೆ ಲೆಕ್ಕ ಸರಿಹೋಯಿತು. ಈ ಅಳತೆಯ ಟ್ಯಾಂಕಿನ ಮೇಲೆ ಒಣಹವೆಯಲ್ಲಿ ಎರಡು ಫ್ಯಾನ್ ಸರಿಯಾಗಿ ಬೀಸಿದರೆ ಇದು ಕಷ್ಟವಲ್ಲ.

ಆದರೆ ಫ್ಯಾನಿಗೊಂದು ಗಡಿಯಿದೆ. ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಟ್ಯಾಂಕ್ ಇರುವ ಕೋಣೆಯಲ್ಲೇ ಫ್ಯಾನಿನೆದುರು 5 ನಿಮಿಷ ಹಿಡಿಯಿರಿ. ಅದು ಇಳಿದು ನಿಂತ ಅಂಕಿಗಿಂತ ಕೆಳಕ್ಕೆ ನಿಮ್ಮ ನೀರು ಎಷ್ಟು ಫ್ಯಾನ್ ಹಾಕಿದರೂ ಹೋಗುವುದಿಲ್ಲ. ಲೈಟು, ಪಂಪುಗಳ ಶಾಖ ಸೇರಿ ವಾಸ್ತವದಲ್ಲಿ ಅದಕ್ಕಿಂತ 2–3 ಡಿಗ್ರಿ ಮೇಲೆಯೇ ನಿಲ್ಲುತ್ತದೆ ಎಂದು ಹಿಡಿಯಿರಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ ಮೂರರ ಹೊತ್ತಿಗೆ ಮಾಡಿ ನೋಡಿ, ಆಮೇಲೆ ಸಾಮಾನು ಕೊಳ್ಳಿ.

ಬೆಂಗಳೂರಿನ ಗೆಳೆಯರ ಟ್ಯಾಂಕು ಬರೀ ಫ್ಯಾನಿನಲ್ಲೇ ತಣ್ಣಗಿದೆ. ಮಂಗಳೂರಿನಲ್ಲಿ ಯಾಕೆ ಆಗುತ್ತಿಲ್ಲ?

ಗಾಳಿಯ ತೇವಾಂಶ. ಬೆಂಗಳೂರಿನ ಬೇಸಿಗೆ ಮಧ್ಯಾಹ್ನ 34 ಡಿಗ್ರಿ, ತೇವಾಂಶ 30 ಶೇಕಡಾ ಇದ್ದರೆ ಆ ಒದ್ದೆಬಟ್ಟೆಯ ಥರ್ಮಾಮೀಟರ್ ಸುಮಾರು 21 ತೋರಿಸುತ್ತದೆ. ಬೇಕಾದಷ್ಟು ಅವಕಾಶವಿದೆ. ಮಂಗಳೂರಿನಲ್ಲಿ 33 ಡಿಗ್ರಿ, 70 ಶೇಕಡಾ ಇದ್ದ ದಿನ ಅದೇ ಥರ್ಮಾಮೀಟರ್ 28ರ ಮೇಲೆ ನಿಂತುಬಿಡುತ್ತದೆ. ಅಲ್ಲಿ ಹತ್ತು ಫ್ಯಾನ್ ಹಾಕಿದರೂ 26 ಬರುವುದಿಲ್ಲ. ಕರಾವಳಿಯವರು ನೀರು ತಣಿಸುವ ಯಂತ್ರವಾದ ಚಿಲ್ಲರಿಗೋ ಟ್ಯಾಂಕಿರುವ ಕೋಣೆಯ ಎಸಿಗೋ ಮೊದಲೇ ದುಡ್ಡು ತೆಗೆದಿಡಬೇಕು. ಕ್ಯಾನಪಿಯ ಗಾಳಿ ಅಲ್ಲಿಯೂ ಬೇಕು, ಆದರೆ ಅದರ ಕೆಲಸ ಲೈಟಿನ ಶಾಖ ಹೊರಹಾಕುವುದು ಮಾತ್ರ. ಕಲಬುರಗಿ, ರಾಯಚೂರಿನ ಕಡೆ 40 ಡಿಗ್ರಿಯ ಒಣ ಬಿಸಿಲಿನಲ್ಲಿ ಫ್ಯಾನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲ್ಲಿ ನೀರು ಹಾಕಿ ಹಾಕಿ ಸಾಕಾಗುತ್ತದೆ, ಅಷ್ಟೇ.

ಚಿಲ್ಲರ್ ಕೊಂಡವರಿಗೆ ಒಂದು ಎಚ್ಚರಿಕೆ: ಅದನ್ನು ಟ್ಯಾಂಕಿನ ಕೆಳಗಿನ ಮುಚ್ಚಿದ ಸ್ಟ್ಯಾಂಡಿನೊಳಗೆ ಇಡಬೇಡಿ. ನೀರಿನಿಂದ ತೆಗೆದ ಶಾಖವನ್ನೆಲ್ಲ ಅದು ತನ್ನ ಬೆನ್ನಿನಿಂದ ಹೊರಗೂದುತ್ತದೆ. ಮುಚ್ಚಿದ ಜಾಗದಲ್ಲಿ ಆ ಶಾಖ ಮತ್ತೆ ಸಂಪಿಗೇ ಸೇರುತ್ತದೆ, ಕಂಪ್ರೆಸರ್ ನಿಲ್ಲದೆ ಓಡುತ್ತದೆ.

ಎಷ್ಟು ಫ್ಯಾನ್? ಯಾವ ಅಳತೆ?

ಎರಡು, 120 ಮಿ.ಮೀ., 12 ವೋಲ್ಟಿನ ಡಿಸಿ ಫ್ಯಾನ್, ಕಂಪ್ಯೂಟರಿಗೆ ಹಾಕುವಂಥದ್ದೇ. ಡಬ್ಬಿಯ ಮೇಲೆ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಂಬ ಲೆಕ್ಕದಲ್ಲಿ) 60 ಸಿಎಫ್‌ಎಂ ಎಂದಿದ್ದರೆ ಜಾಲರಿ, ತಿರುವು, ಉಪ್ಪು ಎಲ್ಲ ಸೇರಿ ಅರ್ಧ ಸಿಗುತ್ತದೆ ಎಂದು ಹಿಡಿಯಿರಿ. ಎರಡು ಸೇರಿ 60.

ಲೆಕ್ಕದ ಸೂತ್ರ ಹೀಗಿದೆ: ಕ್ಯಾನಪಿಯೊಳಗಿನ ಗಾಳಿ ಕೋಣೆಗಿಂತ ಎಷ್ಟು ಡಿಗ್ರಿ ಬಿಸಿಯಾಗುತ್ತದೆ ಎಂದರೆ, 1.8ನ್ನು ವ್ಯಾಟಿನಿಂದ ಗುಣಿಸಿ ನಿಜವಾದ ಸಿಎಫ್‌ಎಂನಿಂದ ಭಾಗಿಸಿ. 200 ವ್ಯಾಟ್, 60 ಸಿಎಫ್‌ಎಂ ಆದರೆ 6 ಡಿಗ್ರಿ. ಇದು ಲೈಟಿನ ಶಾಖವೆಲ್ಲ ಗಾಳಿಗೇ ಹೋದರೆ ಆಗುವ ಅತಿ ಹೆಚ್ಚು. ಬೆಳಕಾಗಿ ನೀರಿಗಿಳಿಯುವ ಪಾಲು ಕಳೆದರೆ 3–4 ಡಿಗ್ರಿಗೆ ನಿಲ್ಲುತ್ತದೆ. ಚಾವಣಿಯ ಕಿಂಡಿ ಇದ್ದರೆ ಇನ್ನೂ ಕಡಿಮೆ.

ಐಪಿ55 ಅಥವಾ ಐಪಿ67 ಎಂದು, ಅಂದರೆ ನೀರು ದೂಳು ತಡೆಯುತ್ತದೆ ಎಂದು, ಗುರುತಿರುವ ಫ್ಯಾನಿಗೆ ಹೆಚ್ಚು ದುಡ್ಡು ಕೊಡಬೇಕಾಗುತ್ತದೆ, ಕೊಡಿ. ಸಾಮಾನ್ಯ ಫ್ಯಾನಿನ ಬೇರಿಂಗ್ ಮತ್ತು ಬೋರ್ಡನ್ನು ಉಪ್ಪಿನ ತೇವ ಬೇಗ ತಿನ್ನುತ್ತದೆ. 12 ವೋಲ್ಟಿನ 2 ಆಂಪ್ ಅಡಾಪ್ಟರ್ ಎರಡು ಫ್ಯಾನಿಗೆ ಧಾರಾಳ. ಸದ್ದು ಕಾಡಿದರೆ ವೇಗ ನಿಮಿಷಕ್ಕೆ 800–1000 ಸುತ್ತಿಗೆ ಇಳಿಸಿ. ಒಂದೇ ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ಎರಡನ್ನು ನಿಧಾನವಾಗಿ ಓಡಿಸುವುದು ಲೇಸು. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಗಾಳಿಯನ್ನು ಒಳಗೆ ಊದಬೇಕೋ, ಹೊರಗೆ ಎಳೆಯಬೇಕೋ?

ಎಲ್‌ಇಡಿ ಕ್ಯಾನಪಿಗೆ ಒಳಗೆ ಊದುವುದೇ ಸರಿ. ಒಳಗೂದುವ ಫ್ಯಾನಿನ ಮೂಲಕ ಹಾದುಹೋಗುವುದು ಕೋಣೆಯ ಒಣ ಗಾಳಿ, ಹಾಗಾಗಿ ಫ್ಯಾನ್ ಬಾಳುತ್ತದೆ. ಆ ಗಾಳಿ ನೀರಿನ ಮೈಯನ್ನು ಸವರಿಕೊಂಡು ಹೋಗುವಂತೆ ಸುಮಾರು 30 ಡಿಗ್ರಿ ಕೆಳಮುಖವಾಗಿ ಓರೆಯಾಗಿಸಿದರೆ ಆವಿ ಹೆಚ್ಚು ಏಳುತ್ತದೆ. ಹೊರಗೆ ಎಳೆಯುವ ಫ್ಯಾನ್ ಹಗಲೂ ರಾತ್ರಿ ಉಪ್ಪು ಹನಿಯ ಬಿಸಿ ಗಾಳಿ ಕುಡಿಯುತ್ತಿರುತ್ತದೆ. ವಿಪರೀತ ಕಾಯುವ ಹಳೆಯ ಮೆಟಲ್ ಹ್ಯಾಲೈಡ್ ದೀಪಗಳು ಇದ್ದ ಕಾಲಕ್ಕೆ ಅದು ಅನಿವಾರ್ಯವಾಗಿತ್ತು.

ಒಂದು ಊದಲಿ, ಒಂದು ಎಳೆಯಲಿ ಎಂದು ಎದುರುಬದುರು ಹಾಕುವವರಿದ್ದಾರೆ. ನಾಲ್ಕು ಅಡಿಗಿಂತ ಉದ್ದದ ಟ್ಯಾಂಕಿಗೆ ಅದು ಸರಿ. ಆದರೆ ಎರಡನ್ನೂ ಒಂದೇ ಗೋಡೆಯಲ್ಲಿ ಪಕ್ಕಪಕ್ಕ ಹಾಕಿದರೆ ಒಳಬಂದ ಗಾಳಿ ಅಲ್ಲಿಂದಲೇ ಹೊರಗೋಡುತ್ತದೆ, ಟ್ಯಾಂಕಿನ ಉಳಿದ ಮುಕ್ಕಾಲು ಭಾಗಕ್ಕೆ ಗಾಳಿಯೇ ತಾಗುವುದಿಲ್ಲ.

ತೂತು ಎಲ್ಲಿ, ಎಷ್ಟು ಕೊರೆಯಬೇಕು?

ಎಡಗಡೆಯ ಪಕ್ಕದ ಹಲಗೆಯಲ್ಲಿ 115 ಮಿ.ಮೀ. ವ್ಯಾಸದ ಎರಡು ತೂತು. ಫ್ಯಾನಿನ ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿ.ಮೀ., ಇದನ್ನು ಗುರುತು ಹಾಕಿಕೊಂಡೇ ಕೊರೆಸಿ. ಕ್ಯಾನಪಿ ಟ್ಯಾಂಕಿನ ಹೊರಗಿನಿಂದ 2 ಇಂಚು ಕೆಳಕ್ಕೆ ಇಳಿಯುತ್ತದಾದ್ದರಿಂದ ತೂತಿನ ಕೆಳ ಅಂಚು ಕ್ಯಾನಪಿಯ ತಳದಿಂದ ಕನಿಷ್ಠ 3 ಇಂಚು ಮೇಲಿರಲಿ. ಇಲ್ಲದಿದ್ದರೆ ಫ್ಯಾನ್ ಗಾಜಿಗೆ ಊದುತ್ತಿರುತ್ತದೆ.

ಹೊರದಾರಿ ಹಿಂಬದಿಯ ಹಲಗೆಯ ಮೇಲ್ತುದಿಯಲ್ಲಿ, 75 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲದ ಒಂದೇ ಸೀಳು. ಫ್ಯಾನಿರುವ ಪಕ್ಕದಿಂದ ಒಂದು ಅಡಿ ಬಿಟ್ಟು ಶುರುವಾಗಬೇಕು. ಇದರ ವಿಸ್ತೀರ್ಣ 560 ಚದರ ಸೆಂ.ಮೀ., ಎರಡು ಫ್ಯಾನಿನ ಬಾಯಿಯ ಸುಮಾರು ಎರಡೂವರೆ ಪಟ್ಟು. ಎರಡು ಪಟ್ಟಿಗಿಂತ ಕಡಿಮೆಯಾದರೆ ಗಾಳಿ ಒಳಗೆ ತಡೆದು ನಿಲ್ಲುತ್ತದೆ, ಫ್ಯಾನ್ ಸದ್ದು ಮಾಡುತ್ತದೆಯೇ ಹೊರತು ಊದುವುದಿಲ್ಲ. ತೂತು, ಸೀಳು ಎರಡಕ್ಕೂ ನೈಲಾನ್ ಸೊಳ್ಳೆಜಾಲರಿ ಬಿಗಿಯಿರಿ, ಹಲ್ಲಿ ಜಿರಳೆ ಒಳಗೆ ಬೀಳುವುದು ತಪ್ಪುತ್ತದೆ. ಅಲ್ಯೂಮಿನಿಯಂ ಜಾಲರಿ ಉಪ್ಪಿಗೆ ಪುಡಿಯಾಗುತ್ತದೆ, ಬೇಡ. ಗೋಡೆಗೂ ಕ್ಯಾನಪಿಗೂ 4 ಇಂಚು ಅಂತರ ಬಿಡಿ. ಎಷ್ಟು ಚೆಂದ ಸೀಳು ಕೊರೆದರೂ ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಮುಚ್ಚಿದಂತೆಯೇ.

ಎಲ್ಲ ಮುಗಿದ ಮೇಲೆ ಸೀಳಿನ ಹೊರಗೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಉದ್ದಕ್ಕೂ ಹೊರಕ್ಕೆ ತಳ್ಳಿಸಿಕೊಂಡರೆ ಸರಿ. ಯಾವುದಾದರೂ ಮೂಲೆಯಲ್ಲಿ ನಿಂತರೆ ಅಥವಾ ಒಳಗೆ ಎಳೆದುಕೊಂಡರೆ ಅಲ್ಲಿ ಗಾಳಿ ಸತ್ತಿದೆ. ಫ್ಯಾನಿನ ಬದಿಯಲ್ಲಿ ಊದುಬತ್ತಿ ಹಿಡಿಯಬೇಡಿ, ಹೊಗೆ ನೀರಿಗೆ ಹೋಗುತ್ತದೆ. ಅಲ್ಲಿ ತೆಳು ಕಾಗದದ ಚೂರು ಸಾಕು.

ಫ್ಯಾನ್ ಸದಾ ಓಡುತ್ತಿರಬೇಕಾ?

ಲೈಟು ಉರಿಯುವಾಗ ಖಂಡಿತ. ರಾತ್ರಿಗೆ ಉಷ್ಣಾಂಶದ ಕಂಟ್ರೋಲರ್ ಇದ್ದರೆ ಒಳ್ಳೆಯದು. ಅಗ್ಗದಲ್ಲಿ ಸಿಗುವ ಎಸ್‌ಟಿಸಿ-1000 ಸಾಕು. ಎಫ್1ನಲ್ಲಿ (ಬೇಕಾದ ಉಷ್ಣಾಂಶ) 25.5, ಎಫ್2ನಲ್ಲಿ (ಬಿಡುವ ಅಂತರ) 0.5 ಕೊಟ್ಟರೆ ನೀರು 26 ಮುಟ್ಟಿದಾಗ ಫ್ಯಾನ್ ಶುರು, 25.5ಕ್ಕೆ ಇಳಿದಾಗ ಬಂದ್. ಕೆಳಗೆ 25ಕ್ಕೆ ಹೀಟರ್ ಶುರು. ಈ ನಡುವಿನ ಅಂತರ ಇಲ್ಲದೆ ಫ್ಯಾನಿಗೆ ಬೇರೆ ಕಂಟ್ರೋಲರ್, ಹೀಟರಿಗೆ ಅದರದೇ ಥರ್ಮೋಸ್ಟಾಟ್ ಎಂದು ಬಿಟ್ಟರೆ ಒಂದು ಕಾಯಿಸುತ್ತದೆ, ಇನ್ನೊಂದು ತಣಿಸುತ್ತದೆ, ಬಿಲ್ಲು ಏರುತ್ತದೆ.

ಕಂಟ್ರೋಲರಿನ ಸೆನ್ಸರ್ ನೀರಿನಲ್ಲೇ ಮುಳುಗಿರಬೇಕು, ಸಂಪಿನಲ್ಲಿ ಕಟ್ಟಿದರೆ ಉತ್ತಮ. ಅದು ಜಾರಿ ಹೊರಬಿದ್ದರೆ ಕೋಣೆಯ ಗಾಳಿಯನ್ನು ಅಳೆಯತೊಡಗುತ್ತದೆ. ಜನವರಿಯ ಬೆಂಗಳೂರಿನ ರಾತ್ರಿ ಹಾಗಾದರೆ ಹೀಟರ್ ನಿಲ್ಲದೆ ಉರಿದು ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಬೆಂದಿರುತ್ತದೆ. ಕೇಬಲ್ ಟೈ ಹಾಕಿ ಬಿಗಿಯಿರಿ.

ಹವಳಕ್ಕೆ ಎಷ್ಟು ಬೆಳಕು ಬೇಕು?

ಅಳತೆಯ ಹೆಸರು ಪಾರ್. ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೆಳಕು ಎಂಬ ಲೆಕ್ಕ. ಮೆದು ಹವಳಗಳಿಗೆ 50–100. ಯೂಫಿಲಿಯಾದಂಥ ದೊಡ್ಡ ಪಾಲಿಪಿನ ಗಟ್ಟಿ ಹವಳಗಳಿಗೆ 75–150. ಅಕ್ರೊಪೊರಾದಂಥ ಕವಲೊಡೆಯುವ ಜಾತಿಗೆ 200–350. ಬಣ್ಣದಲ್ಲಿ 420ರಿಂದ 480 ನ್ಯಾನೊಮೀಟರಿನ ನೀಲಿಯೇ ಪ್ರಧಾನ, ಜೊತೆಗೆ ಒಂದಿಷ್ಟು ಬಿಳಿ. ಕೆಂಪು, ಹಸಿರು ಚಾನೆಲ್‌ಗಳನ್ನು ಶೇ. 5ರ ಸುತ್ತ ಇಡಿ.

ನಮ್ಮ ಟ್ಯಾಂಕಿಗೆ 100 ವ್ಯಾಟಿನ ಎರಡು ಎಲ್‌ಇಡಿ ಸಾಕು. ಒಂದೊಂದು 2 ಅಡಿ ಚೌಕಕ್ಕೆ ಹರಡುತ್ತದೆ. ನೀರಿನಿಂದ 8–9 ಇಂಚು ಎತ್ತರ. ಅದಕ್ಕಿಂತ ಕೆಳಗಿಳಿಸಿದರೆ ನಟ್ಟನಡುವೆ ಸುಡುವಷ್ಟು ಬೆಳಕು, ಮೂಲೆಯಲ್ಲಿ ಕತ್ತಲು. ಕ್ಯಾನಪಿಯನ್ನು 8 ಇಂಚಿಗೇ ಗಿಡ್ಡ ಮಾಡಿಸಿ ಆಮೇಲೆ ಲೈಟು ಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ. ಲೈಟು ಮೊದಲು ಆರಿಸಿ, ಅದರ ದಪ್ಪ, ಮೇಲಿನ 3 ಇಂಚು, ಕೆಳಗಿನ 8 ಇಂಚು ಕೂಡಿಸಿ ಕ್ಯಾನಪಿಯ ಎತ್ತರ ಹೇಳಿ.

ಹವಳವನ್ನು ನಮ್ಮ ಸಮುದ್ರದಿಂದ ಕಿತ್ತು ತರುವ ಮಾತೇ ಬೇಡ. ನೇತ್ರಾಣಿಯದೇ ಇರಲಿ, ಲಕ್ಷದ್ವೀಪದ್ದೇ ಇರಲಿ, ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮಾರುವವರ ಬಳಿ ಮೂಲದ ಕಾಗದಪತ್ರ ಕೇಳಿ.

ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಅಳೆದರೆ ಆಗದಾ?

ಆಗದು. ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿನ ಲೆಕ್ಕ, ಹಸಿರು-ಹಳದಿಗೆ ಹೆಚ್ಚು ತೂಕ ಕೊಡುತ್ತದೆ, ನೀಲಿಗೆ ತೀರಾ ಕಡಿಮೆ. ನೀಲಿ ಟ್ಯಾಂಕಿನಲ್ಲಿ ಅದು ತೋರುವ ಅಂಕಿ ಸುಳ್ಳು. ಪಾರ್ ಮೀಟರ್ ದುಬಾರಿ, ಕೊಳ್ಳಬೇಕಿಲ್ಲ. ಒಂದು ದಿನದ ಮಟ್ಟಿಗೆ ಬಾಡಿಗೆಗೋ ಎರವಲೋ ತಂದು ಹತ್ತು ಜಾಗದಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಟಿ5 ಟ್ಯೂಬ್ ಹಾಕಬಹುದಾ?

ಹಾಕಬಹುದು. ಟಿ5 ಎಂದರೆ ತೆಳು ಫ್ಲೊರೆಸೆಂಟ್ ಟ್ಯೂಬ್‌ಲೈಟು. ನೆರಳಿಲ್ಲದಂತೆ ಬೆಳಕು ಹರಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅಳತೆ ಮೋಸ ಮಾಡುತ್ತದೆ. ನಾಲ್ಕಡಿಯದು ಎನ್ನುವ 54 ವ್ಯಾಟಿನ ಟ್ಯೂಬಿನ ಉದ್ದ ಪಿನ್ ಸೇರಿ 1163 ಮಿ.ಮೀ. ಹೊರ ಅಳತೆ 1219 ಇರುವ, ಟ್ಯಾಂಕಿನ ಅಂಚಿನ ಮೇಲೆ ಕೂರುವ ಕ್ಯಾನಪಿಗೆ 18 ಮಿ.ಮೀ. ಪ್ಲೈ ಹಾಕಿದರೆ ಒಳಗೆ ಉಳಿಯುವುದು 1183. ಎರಡು ಕಡೆ 10–10 ಮಿ.ಮೀ.ನಲ್ಲಿ ವಾಟರ್‌ಪ್ರೂಫ್ ಎಂಡ್ ಕ್ಯಾಪ್ ಕೂರುವುದಿಲ್ಲ. ಹೊರಗಿನಿಂದ ತೊಡಿಸುವ ಕ್ಯಾನಪಿಯಾದರೆ ಒಂದೊಂದು ಕಡೆಗೆ 30 ಮಿ.ಮೀ. ಸಿಗುತ್ತದೆ, ಕಷ್ಟಪಟ್ಟು ಆಗುತ್ತದೆ. ಇಲ್ಲವಾದರೆ 39 ವ್ಯಾಟಿನ ಮೂರಡಿ ಟ್ಯೂಬು ಆರಿಸಿ, ಅದು 863 ಮಿ.ಮೀ.

ಗಾಳಿಯ ವಿಷಯದಲ್ಲಿ ಟಿ5ದು ವಿಚಿತ್ರ ಸ್ವಭಾವ. ಸುತ್ತಲ ಗಾಳಿ 35 ಡಿಗ್ರಿಯ ಆಸುಪಾಸು ಇದ್ದಾಗ ಅದು ಅತಿ ಹೆಚ್ಚು ಬೆಳಕು ಕೊಡುತ್ತದೆ. ಫ್ಯಾನನ್ನು ನೇರ ಟ್ಯೂಬಿಗೆ ತಿರುಗಿಸಿದರೆ ಬೆಳಕು ಇಳಿಯುತ್ತದೆ, ಗಾಳಿಯಾಡದಂತೆ ಮುಚ್ಚಿದರೂ ಇಳಿಯುತ್ತದೆ. ಗಾಳಿ ಟ್ಯೂಬಿನ ಕೆಳಗೆ, ನೀರಿನ ಮೇಲೆ ಹರಿಯಲಿ. 9ರಿಂದ 12 ತಿಂಗಳಿಗೊಮ್ಮೆ ಟ್ಯೂಬು ಬದಲಿಸಿ, ಕಣ್ಣಿಗೆ ಚೆನ್ನಾಗಿಯೇ ಕಂಡರೂ.

ಹಳೆಯ ಮೆಟಲ್ ಹ್ಯಾಲೈಡ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲಾ?

ಬೇಡ. 250 ವ್ಯಾಟಿನ ಎರಡು ದೀಪ ಎಂದರೆ ಕ್ಯಾನಪಿಯೊಳಗೆ ಅರ್ಧ ಕಿಲೋವ್ಯಾಟ್ ಒಲೆ. ನಮ್ಮ ಹವೆಯಲ್ಲಿ ಚಿಲ್ಲರಿನ ಬಿಲ್ಲು ಉಳಿತಾಯವನ್ನೆಲ್ಲ ನುಂಗುತ್ತದೆ.

ಲೈಟು ಯಾವ ಹೊತ್ತಿಗೆ ಉರಿಯಬೇಕು?

ಒಟ್ಟು 10 ಗಂಟೆ, ಅದರಲ್ಲಿ ಪೂರ್ಣ ಪ್ರಮಾಣ 6ರಿಂದ 8 ಗಂಟೆ. ಸೂರ್ಯನಂತೆ ಬೆಳಿಗ್ಗೆ 7ಕ್ಕೇ ಹಚ್ಚಬೇಕೆಂದಿಲ್ಲ. ಕೋಣೆ ಅತಿ ಬಿಸಿಯಾಗುವುದು ಮಧ್ಯಾಹ್ನ 2ರಿಂದ 5. ಆ ಹೊತ್ತಿಗೇ ಲೈಟಿನ ಪೂರ್ತಿ ಶಾಖವನ್ನೂ ಸೇರಿಸುವುದು ಯಾಕೆ? ಬೇಸಿಗೆಯಲ್ಲಿ 2ಕ್ಕೆ ಮಂದವಾಗಿ ಶುರುಮಾಡಿ, 5ರಿಂದ 11ರವರೆಗೆ ಪೂರ್ಣ, 12ಕ್ಕೆ ಬಂದ್. ಮನೆಯವರೆಲ್ಲ ಸಂಜೆ ಬಂದು ನೋಡುವುದಕ್ಕೂ ಇದೇ ಅನುಕೂಲ. ಸಮಯ ಬದಲಿಸುವಾಗ ದಿನಕ್ಕೆ ಅರ್ಧ ಗಂಟೆಯಂತೆ ಸರಿಸಿ.

ಹೊಸ ಲೈಟು ಹಾಕಿದ ವಾರದಲ್ಲೇ ಹವಳ ಬಿಳಿಚಿಕೊಂಡಿತು. ಬಿಸಿಯಿಂದಲಾ?

ನೀರಿನ ಉಷ್ಣಾಂಶ ಬದಲಾಗಿಲ್ಲವೆಂದರೆ ಬೆಳಕಿನಿಂದ. ಮಂದ ಬೆಳಕಿಗೆ ಒಗ್ಗಿದ ಪಾಚಿಗೆ ಒಮ್ಮೆಲೇ ಬಿಸಿಲು ಹೊಡೆದಂತೆ. ಹೊಸ ಎಲ್‌ಇಡಿಯನ್ನು ಶೇ. 30ರಿಂದ ಶುರುಮಾಡಿ ವಾರಕ್ಕೆ 5ರಂತೆ ಏರಿಸಿ. ಈಗಾಗಲೇ ಬಿಳಿಚಿದ್ದರೆ ಬೆಳಕು ಅರ್ಧಕ್ಕಿಳಿಸಿ, ಹವಳವನ್ನು ಮರಳಿನ ಮಟ್ಟಕ್ಕೆ ಸರಿಸಿ, ಮಾಂಸ ಕಳಚಿರದಿದ್ದರೆ ಕಾಯಿರಿ. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದೀತು.

ಯಾವ ಮರ, ಯಾವ ಸ್ಕ್ರೂ, ಯಾವ ಬಣ್ಣ?

ಐಎಸ್ 710 ಎಂದು ಮುದ್ರೆಯಿರುವ ಮರೈನ್ ಪ್ಲೈವುಡ್, 12 ಮಿ.ಮೀ. ಐಎಸ್ 303ರ ಮಾಮೂಲಿ ಪ್ಲೈ ಉಪ್ಪಿನ ಆವಿಗೆ ಪದರ ಬಿಡುತ್ತದೆ. ಎಂಡಿಎಫ್ ಅಂತೂ ಬಿಸ್ಕತ್ತಿನಂತೆ ಉಬ್ಬುತ್ತದೆ. 12 ಮಿ.ಮೀ.ದು ಒಟ್ಟು 14–15 ಕೆ.ಜಿ. ತೂಗಿದರೆ 18 ಮಿ.ಮೀ.ದು 22ರ ಹತ್ತಿರ. ಅದನ್ನು ಒಬ್ಬರೇ ಎತ್ತಿ ಇಳಿಸುವಾಗ ಗಾಜಿಗೆ ತಾಗಿಸುವ ಅಪಾಯ ಹೆಚ್ಚು. ಏನಿದ್ದರೂ ಮುಂದುಗಡೆ ಮೇಲಕ್ಕೆತ್ತುವ ಬಾಗಿಲು ಇಡಿಸಿ, ದಿನಾ ಊಟ ಹಾಕಲು ಪೂರ್ತಿ ಕ್ಯಾನಪಿ ಎತ್ತುವಂತಿರಬಾರದು. ಪಿವಿಸಿ ಫೋಮ್ ಬೋರ್ಡ್ ನೀರಿಗೆ ಹೆದರುವುದಿಲ್ಲ, ಆದರೆ ಬಿಸಿ ಟ್ಯೂಬಿನ ಹತ್ತಿರ ಬಾಗುತ್ತದೆ. ಎಲ್‌ಇಡಿಗೆ ಮಾತ್ರ ಸರಿ.

ನೀರು ನುಗ್ಗುವುದು ಹಲಗೆಯ ಮೈಯಿಂದಲ್ಲ, ಕೊಯ್ದ ಅಂಚಿನಿಂದ. ಫ್ಯಾನಿನ ತೂತು, ಸೀಳು, ಸ್ಕ್ರೂ ತೂತು ಎಲ್ಲ ಕೊರೆದು ಮುಗಿದ ಮೇಲೆ ಎಪಾಕ್ಸಿ ಬಣ್ಣ ಹೊಡೆಯಬೇಕು, ಒಳಗೆ ಮೂರು ಕೋಟು ಬಿಳಿ, ಅಂಚುಗಳಿಗೆ ಇನ್ನೊಂದು ಹೆಚ್ಚು. ಕೋಟುಗಳ ನಡುವೆ ಒಂದು ದಿನ ಒಣಗಲಿ, ಕೊನೆಯದಾದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ವಾರ, ಟ್ಯಾಂಕಿನ ಮೇಲೆ ಇಡಬೇಡಿ.

ಸ್ಕ್ರೂ, ಹಿಂಜ್ ಎರಡೂ 316 ದರ್ಜೆಯ ಸ್ಟೇನ್‌ಲೆಸ್. 304 ಕೂಡ ಕಾಲಾಂತರದಲ್ಲಿ ಕಲೆ ಬಿಡುತ್ತದೆ. ಹಿತ್ತಾಳೆಯ ಹಿಂಜನ್ನು ಬಡಗಿ ಎಷ್ಟು ಹೊಗಳಿದರೂ ಒಪ್ಪಬೇಡಿ. ಹಿತ್ತಾಳೆಯಲ್ಲಿ ತಾಮ್ರವಿದೆ, ಅದರ ಮೇಲೆ ಕೂತ ಹನಿ ಟ್ಯಾಂಕಿಗೆ ತೊಟ್ಟಿಕ್ಕುತ್ತದೆ. ಸಿಗಡಿ, ಬಸವನಹುಳು, ಹವಳಗಳಿಗೆ ತಾಮ್ರ ವಿಷ.

ಮೀನು ಹಾರುತ್ತದೆ ಅಂತ ಕೆಳಗೆ ಗಾಜು ಮುಚ್ಚಬಹುದಾ?

ಗಾಜು ಮುಚ್ಚಿದರೆ ಆವಿ ನಿಂತಿತು, ತಂಪೂ ನಿಂತಿತು. ಮೇಲ್ಮೈಯಲ್ಲಿ ಗಾಳಿ ಬದಲಾಗದೆ ಇಂಗಾಲದ ಡೈ ಆಕ್ಸೈಡ್ ಕೂಡಿಕೊಂಡು ರಾತ್ರಿ ಪಿಎಚ್ ಇಳಿಯುತ್ತದೆ. ಗಾಜಿನ ಮೇಲಿನ ಉಪ್ಪು ಬೆಳಕನ್ನೂ ತಿನ್ನುತ್ತದೆ. 6 ಮಿ.ಮೀ. ಕಣ್ಣಿನ ಪಾರದರ್ಶಕ ಬಲೆಯನ್ನು ಚೌಕಟ್ಟಿಗೆ ಕಟ್ಟಿ ಇಡಿ. ಫೈರ್‌ಫಿಶ್, ರಾಸ್, ಗೋಬಿ ಸಾಕುವವರು ಕ್ಯಾನಪಿ ಇದೆಯೆಂದು ಬಲೆ ಬಿಡಬಾರದು. ಜಾಲರಿ ಹರಿದರೆ ಹಿಂಬದಿಯ 7.5 ಸೆಂ.ಮೀ. ಸೀಳು ಮೀನಿಗೆ ಹೆಬ್ಬಾಗಿಲು.

ಸೊಳ್ಳೆ ಬತ್ತಿ ಹಚ್ಚಿದರೆ ತೊಂದರೆಯಾ?

ತುಂಬಾ. ಸೊಳ್ಳೆ ಬತ್ತಿ, ಗೋಡೆಗೆ ಸಿಕ್ಕಿಸುವ ದ್ರವ, ಜಿರಳೆ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರಿಥ್ರಾಯ್ಡ್ ಜಾತಿಯ ಕೀಟನಾಶಕ. ಮನುಷ್ಯರಿಗಿಂತ ಮೀನಿಗೆ, ಅದರಲ್ಲೂ ಸಿಗಡಿ ಏಡಿಗಳಿಗೆ, ಅದು ಹಲವು ಪಟ್ಟು ಹೆಚ್ಚು ವಿಷಕಾರಿ. ಕ್ಯಾನಪಿಯ ಫ್ಯಾನ್ ಕೋಣೆಯ ಗಾಳಿಯನ್ನು ದಿನವಿಡೀ ನೀರಿನ ಮೇಲೆ ಊದುತ್ತಿರುತ್ತದೆ ಎಂಬುದನ್ನು ನೆನಪಿಡಿ. ಆ ಕೋಣೆಯಲ್ಲಿ ಕಿಟಕಿಗೆ ಜಾಲರಿ, ಮಲಗಲು ಸೊಳ್ಳೆಪರದೆ. ದೇವರಮನೆಯ ಸಾಂಬ್ರಾಣಿ ಹೊಗೆ, ಅಡುಗೆಮನೆಯ ಒಗ್ಗರಣೆ ಹೊಗೆ ನೇರ ಫ್ಯಾನಿಗೆ ಬರುವಂತಿದ್ದರೆ ಆ ಹದಿನೈದು ನಿಮಿಷ ಫ್ಯಾನ್ ಆರಿಸಿ. ಎಣ್ಣೆಯ ಹೊಗೆ ನೀರಿನ ಮೇಲೆ ಪೊರೆ ಕಟ್ಟುತ್ತದೆ.

ಕಡಿಮೆಯಾದ ನೀರಿಗೆ ಏನು ಹಾಕಬೇಕು?

ಆರ್‌ಒ-ಡಿಐ ನೀರು, ಎಂದರೆ ಕರಗಿದ ಲವಣವೆಲ್ಲ ತೆಗೆದದ್ದು, ಟಿಡಿಎಸ್ ಸೊನ್ನೆ. ಉಪ್ಪುನೀರಲ್ಲ, ಏಕೆಂದರೆ ಆವಿಯಾಗುವುದು ಸಿಹಿನೀರು ಮಾತ್ರ. 6 ಲೀಟರ್ ಹೋದ ದಿನ ಏನೂ ಹಾಕದಿದ್ದರೆ ಲವಣಾಂಶ 35ರಿಂದ 35.6ಕ್ಕೆ, ಎರಡನೇ ದಿನ 36ರ ಮೇಲಕ್ಕೆ. ಫ್ಯಾನ್ ಹಾಕಿದ ಟ್ಯಾಂಕಿಗೆ ಆಟೋ ಟಾಪ್-ಆಫ್ (ಕಡಿಮೆಯಾದ ನೀರನ್ನು ತಾನಾಗಿ ತುಂಬುವ ಸಾಧನ) ಇರಲೇಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಊರಿಗೆ ಹೋಗುವವರು ದಿನದ ಖರ್ಚನ್ನು ಅಳೆದು ಅದಕ್ಕೆ ತಕ್ಕ ಡ್ರಮ್ ಇಡಿ. ಆ ನೀರೆಲ್ಲ ಕೋಣೆಯ ಗಾಳಿಗೇ ಸೇರುತ್ತದಾದ್ದರಿಂದ ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಒಂದು ಎಕ್ಸಾಸ್ಟ್ ಫ್ಯಾನ್ ಇರಲಿ.

ವೈರಿಂಗ್ ಬಗ್ಗೆ ಏನು ಎಚ್ಚರಿಕೆ?

230 ವೋಲ್ಟ್ ಕ್ಯಾನಪಿಯೊಳಗೆ ಬರದಂತೆ ನೋಡಿಕೊಳ್ಳಿ. ಅಡಾಪ್ಟರ್, ಡ್ರೈವರ್, ಕಂಟ್ರೋಲರ್ ಎಲ್ಲ ಹೊರಗೆ, ಟ್ಯಾಂಕಿನ ಪಕ್ಕದ ಗೋಡೆಯ ಮೇಲೆ. ಟಿ5 ಹಾಕಿದವರಿಗೆ ಇದು ಸಾಧ್ಯವಿಲ್ಲ, ಅವರು ವಾಟರ್‌ಪ್ರೂಫ್ ಎಂಡ್ ಕ್ಯಾಪ್ ಬಿಟ್ಟು ಬೇರೇನೂ ಬಳಸಬಾರದು. ಟ್ಯಾಂಕಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರಬೇಕು, ವೈರಿನ ಗುಂಟ ಬಂದ ಹನಿ ಆ ಬಳುಕಿನಲ್ಲೇ ನೆಲಕ್ಕೆ ಬೀಳುತ್ತದೆ. ಒಣಗಿದ ಉಪ್ಪಿನ ಹೆಪ್ಪು ತೇವ ಹೀರಿದರೆ ಕರೆಂಟು ಹರಿಸುತ್ತದೆ. ಪ್ಲಗ್ಗಿನ ಸುತ್ತ ಬಿಳಿ ಪುಡಿ ಕಂಡರೆ ಮೇನ್ ಆರಿಸಿ ಒರೆಸಿ.

ಕರೆಂಟ್ ಹೋದರೆ ಇನ್ವರ್ಟರ್ ಮೇಲೆ ಏನು ಓಡಿಸಬೇಕು?

ಮೊದಲು ವೇವ್‌ಮೇಕರ್ ಅಥವಾ ಏರ್ ಪಂಪ್, ಆಮೇಲೆ ಫ್ಯಾನ್. ಲೈಟು ಬೇಡವೇ ಬೇಡ, ಒಂದೆರಡು ದಿನ ಕತ್ತಲಲ್ಲಿ ಹವಳಕ್ಕೆ ಏನೂ ಆಗುವುದಿಲ್ಲ. ಆಕ್ಸಿಜನ್ ಇಲ್ಲದೆ ಮೀನು ಕೆಲವೇ ಗಂಟೆಯಲ್ಲಿ ಸಾಯುತ್ತದೆ. ಇನ್ವರ್ಟರೂ ಇಲ್ಲವೆಂದರೆ ಕ್ಯಾನಪಿಯ ಬಾಗಿಲು ತೆರೆದಿಡಿ, ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಿರಿ.

ಎಲ್ಲ ಸರಿಯಿದೆ ಅಂತ ತಿಳಿಯುವುದು ಹೇಗೆ? ಎಷ್ಟು ದಿನಕ್ಕೊಮ್ಮೆ ಸ್ವಚ್ಛ ಮಾಡಬೇಕು?

ಒಂದು ವಾರ ಎರಡು ಅಂಕಿ ಬರೆಯಿರಿ: ಬೆಳಿಗ್ಗೆ 6ರ ನೀರಿನ ಉಷ್ಣಾಂಶ, ರಾತ್ರಿ ಲೈಟು ಆರುವ ಮುಂಚಿನದು. ವ್ಯತ್ಯಾಸ 1 ಡಿಗ್ರಿಯೊಳಗಿದ್ದರೆ ಚೆನ್ನ. ಒಂದೂವರೆ ದಾಟಿದರೆ ಹೊರದಾರಿ ಕಟ್ಟಿದೆ ಅಥವಾ ಫ್ಯಾನ್ ನಿಧಾನವಾಗಿದೆ. ಕ್ಯಾನಪಿಯೊಳಗೂ ಒಂದು ಥರ್ಮಾಮೀಟರ್ ತೂಗುಹಾಕಿ, ಕೋಣೆಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿ ಇರಬಾರದು.

ವಾರಕ್ಕೊಮ್ಮೆ ಫ್ಯಾನ್ ಆರಿಸಿ ರೆಕ್ಕೆ, ಜಾಲರಿ, ಲೈಟಿನ ಕೆಳಮೈಯನ್ನು ಆರ್‌ಒ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ. ಸಾಬೂನು ಬೇಡ. ಲೈಟಿನ ಮೇಲಿನ ಗಟ್ಟಿ ಕಲೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ, ಲೈಟನ್ನು ಹೊರಗೆ ತೆಗೆದು. ಮೂರು ತಿಂಗಳಿಗೊಮ್ಮೆ ಕ್ಯಾನಪಿ ಕೆಳಗಿಳಿಸಿ ಅಂಚುಗಳಲ್ಲಿ ಬಣ್ಣ ಎದ್ದಿದೆಯೇ, ಸ್ಕ್ರೂ ತಲೆಗಳಲ್ಲಿ ಕಂದು ಕಲೆ ಇದೆಯೇ ನೋಡಿ. ಎದ್ದ ಬಣ್ಣವನ್ನು ಉಜ್ಜಿ, ಪೂರ್ತಿ ಒಣಗಿಸಿ, ಮತ್ತೆ ಎಪಾಕ್ಸಿ ಹಚ್ಚಿ. ಮನೆಯಲ್ಲಿ ಒಂದು ಹೊಸ ಫ್ಯಾನ್ ಯಾವಾಗಲೂ ಇರಲಿ. ಫ್ಯಾನ್ ಕೆಡುವುದು ಹೆಚ್ಚಾಗಿ ಮೇ ತಿಂಗಳಲ್ಲೇ, ಅದು ಎಡೆಬಿಡದೆ ಓಡುತ್ತಿರುವಾಗ.